ಮಾಸಿದ ಕೊಂಡಿಯ ಸೂಟ್‌ಕೇಸು

"ಹಿಂದಕ್ಕೆ, ಹಿಂದಕ್ಕೆ ತಗೊಳ್ರಪ್ಪ, ಗೋಡೆಗೆ ತಾಗ್ತಿದೆ!"

ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿದ್ದ ಇಬ್ಬರು ಕೆಳಕ್ಕೆ ಬಿಡುತ್ತಿದ್ದರು, ಕೆಳಗಿದ್ದ ಇಬ್ಬರು ಮೇಲಕ್ಕೆ ತಳ್ಳುತ್ತಿದ್ದರು, ಅದು ಇದ್ದಲ್ಲೇ ಇತ್ತು. ಅಂತ್ಯಕ್ರಿಯೆ ನಡೆಸಿಕೊಡುವ ಟಪ್ಪರ್ ಇಕ್ಕಟ್ಟಾದ ಹಜಾರದಲ್ಲಿ ನಿಂತು, ತನ್ನ ಎತ್ತರದ ಕರಿಯ ಟೋಪಿಯನ್ನು ಎದೆಗೆ ಒತ್ತಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಅಪ್ಪಣೆ ಕೊಡುತ್ತಿದ್ದ.

ಬಾಗಿಲು ತಟ್ಟಲೆಂದು ಎತ್ತಿದ ಕೈಯನ್ನು ಮ್ಯೂರಿಯಲ್ ಲೇಸಿ ಹಾಗೇ ಕೆಳಗಿಳಿಸಿದಳು. ಬಾಗಿಲು ತೆರೆದೇ ಇತ್ತು. ಎರಡು ಬಸ್ಸು ಬದಲಿಸಿ ಬಂದವಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡಿದ್ದಳು. ಈಗ ನೋಡಿದರೆ, ಆ ಮಾತು ಕೇಳಬೇಕಾದವಳು ಮೆಟ್ಟಿಲ ಮೇಲ್ತುದಿಯಲ್ಲಿ ಕರಿಯ ಕೋಟು ತೊಟ್ಟು ನಿಂತಿದ್ದಾಳೆ, ಇಬ್ಬರ ನಡುವೆ ಶವಪೆಟ್ಟಿಗೆ ಅಡ್ಡವಾಗಿದೆ.

"ಎಡಗಡೆ ಮೊದಲು ಎತ್ತಿ," ಎಂದಳು ಐವಿ ಹಾಸ್ಕಿನ್ ಮೇಲಿನಿಂದ. "ಬೀರು ಇಳಿಸ್ದಾಗ ಹಾಗೇ ಇಳಿಸಿದ್ದು. ಆಮೇಲೆ ಎಷ್ಟು ಓರೆ ಮಾಡಿದ್ವೋ ನಂಗೆ ಗೊತ್ತಿಲ್ಲ. ಅದೆಲ್ಲ ಗೊತ್ತಿದ್ದೋನು ಒಳಗೆ ಮಲಗಿದಾನೆ, ಅವನ್ನೇ ಕೇಳ್ಬೇಕು."

ಹೊತ್ತವರಲ್ಲಿ ಒಬ್ಬ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದ. ಐವಿಯೂ ನಕ್ಕಳು. ಎಡಗಡೆ ಎತ್ತಿದರು. ಪೆಟ್ಟಿಗೆ ಗೋಡೆಯ ಕಾಗದವನ್ನು ಗೇಣಗಲ ಹರಿದುಕೊಂಡು ಕೆಳಗಿಳಿಯಿತು. ಮ್ಯೂರಿಯಲ್ ಮುಂಬಾಗಿಲ ಬೇಲಿಗೆ ಒತ್ತಿಕೊಂಡು ದಾರಿ ಬಿಟ್ಟಳು. ಪೆಟ್ಟಿಗೆಯೊಳಗಿದ್ದ ಐವಿಯ ಗಂಡ ವಿಲ್ಫ್ ಹಾಸ್ಕಿನ್ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಿಂದ ಹಾದುಹೋದ.

ಹಿಂದೆಯೇ ಇಳಿದು ಬಂದ ಐವಿ ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದಳು.

"ನೀವು ಸ್ಟುಡಿಯೋದೋರಲ್ವಾ? ಪೆನ್ಸಿಲ್ ಕಿವಿಗೆ ಸಿಕ್ಕಿಸ್ಕೋತಿದ್ರಿ."

"ಹೌದು ಮಿಸೆಸ್ ಹಾಸ್ಕಿನ್. ಮ್ಯೂರಿಯಲ್ ಲೇಸಿ. ನಾನು ನಿಮ್ಹತ್ರ..."

"ಬಂದ್ರಲ್ಲ, ಒಳ್ಳೇದಾಯ್ತು. ಷೂ ಒದ್ದೆಯಾಗಿದೆ ನೋಡಿ. ವಾಪಸ್ ಬಂದ್ಮೇಲೆ ಒಲೆ ಹತ್ರ ಇಟ್ಟು ಒಣಗಿಸ್ಕೊಳ್ಳಿ. ಹ್ಯಾಮ್ ಇದೆ, ಊಟಕ್ಕೆ ಇರ್ಬೇಕು."

ಅಷ್ಟು ಹೇಳಿ ಅವಳು ಕಾರು ಹತ್ತಿಬಿಟ್ಟಳು.

ಚರ್ಚು ದೂರವಿರಲಿಲ್ಲ. ಉಳಿದವರು ಕಾರಿನ ಹಿಂದೆ ನಡೆದರು, ಹನ್ನೆರಡು ಹದಿಮೂರು ಜನ. ಬೀದಿಯ ಮನೆಗಳೆಲ್ಲ ಕಿಟಕಿಯ ಪರದೆ ಇಳಿಸಿದ್ದವು. ಕಲ್ಲಿದ್ದಲಿನ ಗಾಡಿಯವನೊಬ್ಬ ಕುದುರೆಯನ್ನು ನಿಲ್ಲಿಸಿ ಇಳಿದು, ಮಸಿ ಹಿಡಿದ ಟೋಪಿ ತೆಗೆದು, ಕಾರು ತಿರುವು ದಾಟುವವರೆಗೂ ಬರಿತಲೆಯಲ್ಲಿ ನಿಂತಿದ್ದ. ಅವನಿಗೆ ಸತ್ತವನು ಯಾರೆಂದು ಗೊತ್ತಿರಲಾರದು.

"ಅರೇ, ನಮ್ಮ ಹೊಂದಿಕೆ ಹುಡುಗಿ!" ಎಂದು ಪಕ್ಕಕ್ಕೆ ಬಂದವನು ಸಿಡ್ ಮ್ಯಾಬಟ್. ವಿಲ್ಲೋ ಲೇನ್ ಸಿನಿಮಾ ಸ್ಟುಡಿಯೋದಲ್ಲಿ ದೀಪಗಳ ಕೆಲಸದವನಾಗಿದ್ದ. ಈಗ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. "ನಿನ್ ತಲೆ ನೆರೆಯೋದಿಲ್ಲ ಅಂದ್ಕೊಂಡಿದ್ದೆ ಕಣೇ. ಹದಿನೆಂಟು ವರ್ಷ ಆಯ್ತಲ್ವಾ?"

"ಆಯ್ತು ಸಿಡ್."

"ಪಾಪದೋನು. ನಾನೇ ಮೂಲೆ ಹಿಡ್ದು ಇಳಿಸ್ದೆ ಈಗ. ಎಂಥಾ ಭಾರ ಅಂತೀಯ!" ಅವನು ದನಿ ತಗ್ಗಿಸಿದ. "ಆ ಅರವತ್ತು ಪೌಂಡು ದುಡ್ಡನ್ನೂ ಜೊತೆಗೆ ತಗೊಂಡು ಹೋಗ್ತಿದಾನೋ ಏನೋ."

ಮ್ಯೂರಿಯಲ್ ಮುಂದಿನ ಕಾರಿನ ಮೇಲೆಯೇ ಕಣ್ಣಿಟ್ಟು ನಡೆದಳು. ಊರೆಲ್ಲ ವಿಲ್ಫ್‌ನನ್ನು 'ಅರವತ್ತು' ಎಂದೇ ಕರೆಯುತ್ತಿತ್ತು ಎಂದು ಅವಳು ಕೇಳಿದ್ದಳು. ಆ ಹೆಸರನ್ನು ಮೊದಲು ಇಟ್ಟವನು ಈ ಸಿಡ್. ಪ್ರತಿ ಚಳಿಗಾಲಕ್ಕೆ ಮುಂಚೆ ಬಂದು ಐವಿಯ ಮನೆಯ ವೈರುಗಳನ್ನು ಒಂದು ಕಾಸೂ ಮುಟ್ಟದೆ ಸರಿಮಾಡಿಕೊಟ್ಟು ಹೋಗುವವನೂ ಇವನೇ. ಎರಡೂ ಒಬ್ಬನೇ ಮನುಷ್ಯ ಎಂಬುದು ಅವಳಿಗೆ ವಿಚಿತ್ರವಾಗಿ ಕಂಡಿತು.

ಅವಳು ಹೇಳಲು ಬಂದದ್ದು ಇಷ್ಟೇ: ವಿಲ್ಫ್ ಕಳ್ಳನಲ್ಲ. ಆದರೆ ಅದು ನಿಜವೇ ಎಂಬುದು ಅವಳಿಗೇ ಪೂರ್ತಿ ಖಚಿತವಿರಲಿಲ್ಲ.

*

ಅದು ಯುದ್ಧದ ನಾಲ್ಕನೆಯ ವರ್ಷ. ವಿಲ್ಲೋ ಲೇನ್‌ನಲ್ಲಿ ಹನ್ನೆರಡು ದಿನಕ್ಕೊಂದು ಚಿತ್ರ ಮುಗಿಯುತ್ತಿತ್ತು. ಈ ಚಿತ್ರದ ಹೆಸರು ಮೂರು ಸಲ ಬದಲಾಗಿದ್ದರಿಂದ ಕೆಲಸದವರೆಲ್ಲ ಅದನ್ನು 'ದುಡ್ಡಿನ ಚಿತ್ರ' ಎನ್ನುತ್ತಿದ್ದರು. ಬ್ಯಾಂಕಿನಿಂದ ಕದ್ದ ಹಣ, ಅದನ್ನು ಹುಡುಕುವ ಪೊಲೀಸು. ಕೊನೆಗೆ ಕಳ್ಳ ಒಂದು ನೆಲಮಾಳಿಗೆಯಲ್ಲಿ ಸಿಕ್ಕಿಬೀಳುವ ಮೊದಲು ನೋಟಿನ ಕಂತೆಗಳನ್ನೆಲ್ಲ ಬಾಯ್ಲರಿನ ಬೆಂಕಿಗೆ ಹಾಕುತ್ತಾನೆ. ಅಷ್ಟೇ ಕತೆ.

ದೃಶ್ಯಗಳಿಗೆ ಬೇಕಾದ ಸಾಮಾನು ಒದಗಿಸುವವನು ವಿಲ್ಫ್. ಕಾಗದಕ್ಕೆ ತತ್ವಾರವಿದ್ದ ಕಾಲ. ಹಳೆಯ ಪತ್ರಿಕೆಗಳನ್ನು ನೋಟಿನ ಅಳತೆಗೆ ಕತ್ತರಿಸಿ, ಮೇಲೊಂದು ಕೆಳಗೊಂದು ಅಚ್ಚು ಹಾಕಿದ ಸುಳ್ಳು ನೋಟು ಇಟ್ಟು, ಮೂವತ್ತು ಕಂತೆ ಕಟ್ಟಿದ್ದ. ನಿರ್ದೇಶಕನಿಗೆ ಅದು ಸಾಲಲಿಲ್ಲ. ಕಳ್ಳ ಸೂಟ್‌ಕೇಸು ತೆರೆಯುವಾಗ ನೋಟು ನಿಜದ್ದಾಗಿ ಕಾಣಬೇಕು ಎಂದು ಹಟ ಹಿಡಿದ. ಕೊನೆಗೆ ಮಾಲೀಕ ಲೆನ್ನಾಕ್ಸ್ ಶುಕ್ರವಾರದ ಸಂಬಳಕ್ಕೆಂದು ಬ್ಯಾಂಕಿನಿಂದ ತಂದಿದ್ದ ಹಣದಲ್ಲಿ ಅರವತ್ತು ಪೌಂಡನ್ನು ಗುರುವಾರ ಒಂದು ದಿನದ ಮಟ್ಟಿಗೆ ಕೊಟ್ಟ. ಇನ್ನೂ ಮೂವತ್ತು ಕಂತೆ ಕಟ್ಟಿ, ಮೇಲೊಂದು ಕೆಳಗೊಂದು ನಿಜವಾದ ನೋಟು ಇಟ್ಟದ್ದಾಯಿತು. ಹೀಗೆ ಎರಡು ಸೂಟ್‌ಕೇಸುಗಳಾದವು. ಒಂದೇ ಅಂಗಡಿಯವು, ಒಂದೇ ಬಣ್ಣದವು. ತೋರಿಸುವುದಕ್ಕೆ ನಿಜದ್ದು, ಸುಡುವುದಕ್ಕೆ ಸುಳ್ಳಿನದು.

ಮ್ಯೂರಿಯಲ್‌ಗೆ ಆಗ ಇಪ್ಪತ್ತೆರಡು. ಒಂದು ದೃಶ್ಯಕ್ಕೂ ಮುಂದಿನದಕ್ಕೂ ಹೊಂದಿಕೆಯಾಗುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಿಗರೇಟು ಯಾವ ಕೈಯಲ್ಲಿತ್ತು, ಎಷ್ಟು ಸುಟ್ಟಿತ್ತು, ಕೋಟಿನ ಯಾವ ಗುಂಡಿ ಬಿಚ್ಚಿತ್ತು, ಗಡಿಯಾರದಲ್ಲಿ ಎಷ್ಟು ಗಂಟೆ, ಎಲ್ಲವನ್ನೂ ಹಲಗೆಯ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಹೋಗುವಂತಿರಲಿಲ್ಲ.

ಗುರುವಾರ ಮಧ್ಯಾಹ್ನ ಸೂಟ್‌ಕೇಸು ತೆರೆಯುವ ದೃಶ್ಯ ಮುಗಿಯಿತು. "ಚಹಾ ಆದ್ಮೇಲೆ ನೋಟೆಲ್ಲ ಬಿಚ್ಚಿ ಕೊಡ್ತೀನಿ ಸರ್," ಎಂದು ವಿಲ್ಫ್ ಲೆನ್ನಾಕ್ಸನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಚಹಾ ಬರುವ ಮೊದಲೇ ವಿಮಾನದಾಳಿಯ ಸೈರನ್ ಕೂಗಿತು. ಎಲ್ಲರೂ ನೆಲದೊಳಗಿನ ಆಸರೆಗೆ ಓಡಿದರು. ಬಾಂಬಿಗೆ ಬೆಂಕಿ ಹೊತ್ತಿದರೆ ಆರಿಸಲು ಮೇಲಿರುವ ಕಾವಲಿನ ಸರದಿ ವಿಲ್ಫ್‌ನದು. ಅವನೊಬ್ಬ ಮೇಲೆಯೇ ಉಳಿದ. ಮುಕ್ಕಾಲು ಗಂಟೆಯ ಮೇಲೆ ಅಪಾಯ ಕಳೆದ ಸೂಚನೆ ಬಂದು ಹೊರಬಂದಾಗ ನಿರ್ದೇಶಕ ಕೂಗಾಡುತ್ತಿದ್ದ. ನೆಲಮಾಳಿಗೆಯ ಸೆಟ್ಟನ್ನು ಸಂಜೆಯೊಳಗೆ ಕಿತ್ತು ಬೇರೆ ಚಿತ್ರಕ್ಕೆ ಜಾಗ ಬಿಡಬೇಕಿತ್ತು.

ಬಾಯ್ಲರಿನ ಮುಂದೆ ಸೂಟ್‌ಕೇಸು ಸಿದ್ಧವಾಗಿತ್ತು. ವಿಲ್ಫ್ ಹೊಗೆಯ ಪುಡಿ ತರಲು ಹೋಗಿದ್ದ. ದೀಪ ಹೊತ್ತಿಸಿದೊಡನೆ ಮ್ಯೂರಿಯಲ್‌ಗೆ ಕಂಡಿತು: ಸೂಟ್‌ಕೇಸಿನ ಎಡಗಡೆಯ ಕೊಂಡಿ ಫಳಫಳ ಹೊಳೆಯುತ್ತಿದೆ. ಹಿಂದಿನ ದೃಶ್ಯದಲ್ಲಿ ಅದು ಮಾಸಿತ್ತು. ಅವಳು ಹಾಳೆ ನೋಡಿದಳು. 'ಎಡ ಕೊಂಡಿ ಮಾಸಿದೆ' ಎಂದು ಅವಳ ಕೈಬರಹದಲ್ಲೇ ಇತ್ತು. ಮಾಸಿದ ಕೊಂಡಿಯದು ಬಾಗಿಲ ಹೊರಗೆ ವಿಲ್ಫ್‌ನ ತಳ್ಳುಗಾಡಿಯ ಮೇಲಿತ್ತು. ನೋಟು ಆಗಲೇ ಬಿಚ್ಚಿರುತ್ತಾನೆ, ಮುಕ್ಕಾಲು ಗಂಟೆ ಇತ್ತಲ್ಲ, ಎಂದುಕೊಂಡಳು. ಅಥವಾ ಹಾಗೆ ಅಂದುಕೊಂಡೆನೆಂದು ಆಮೇಲೆ ಅಂದುಕೊಂಡಳು. ಎರಡು ಹೆಜ್ಜೆ ಹೋಗಿ, ಇದನ್ನು ಅಲ್ಲಿಟ್ಟು ಅದನ್ನು ಇಲ್ಲಿಟ್ಟಳು. ಯಾರೂ ನೋಡಲಿಲ್ಲ. ಅದು ಅವಳ ಕೆಲಸವಾಗಿತ್ತು.

ಒಂದೇ ಸಲಕ್ಕೆ ದೃಶ್ಯ ಮುಗಿಯಿತು. ಕಂತೆಗಳು ಚೆನ್ನಾಗಿ ಉರಿದವು. ಸೆಟ್ಟು ಕೀಳುವ ಗಡಿಬಿಡಿಯಲ್ಲಿ ನೋಟು ಬಿಚ್ಚಿಕೊಡುವ ಕೆಲಸ ಮರುದಿನಕ್ಕೆ ಉಳಿಯಿತು.

ಮಾರನೆಯ ಬೆಳಿಗ್ಗೆ ಲೆನ್ನಾಕ್ಸ್ ಉಳಿದ ಸೂಟ್‌ಕೇಸು ತೆರೆಸಿದ. ಮೂವತ್ತು ಕಂತೆ, ಅರವತ್ತೂ ಸುಳ್ಳು ನೋಟು. "ಮೇಲಿನ ನೋಟು ತೆಗೆದು ಸುಳ್ಳಿಂದು ಸಿಕ್ಸಿದೀಯ! ಸೈರನ್ ಆದಾಗ ನೀನೊಬ್ನೇ ತಾನೆ ಮೇಲಿದ್ದದ್ದು?" ಎಂದು ಅವನು ಇಪ್ಪತ್ತು ಜನರ ಮುಂದೆ ಕಿರುಚಿದ. ವಿಲ್ಫ್ ಸೂಟ್‌ಕೇಸನ್ನು ನೋಡಿದ. ಮುಚ್ಚಳ ಮುಚ್ಚಿ ಇನ್ನೊಮ್ಮೆ ನೋಡಿದ. ಆಮೇಲೆ ತಲೆಯೆತ್ತಿ, ಹಲಗೆ ಹಿಡಿದು ನಿಂತಿದ್ದ ಮ್ಯೂರಿಯಲ್‌ಳನ್ನು ನೋಡಿದ.

"ನಂಗೊತ್ತಿಲ್ಲ ಸರ್," ಎಂದ.

*

ಪಾದ್ರಿ ಹೊಸಬ. "ನಮ್ಮ ಸೋದರ ವಿಲ್ಫ್ರೆಡ್ ಹಾಸ್ಕಿನ್, ಹದಿನೇಳು ವರ್ಷ ಶಾಲೆಯ ಕಾವಲುಗಾರರಾಗಿದ್ದ ಪ್ರಾಮಾಣಿಕ ಕೆಲಸಗಾರ," ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಐವಿಯ ಟೋಪಿ ಅಲುಗಲಿಲ್ಲ.

ಗೋರಿಯ ಬಳಿ ಗಾಳಿ ಜೋರಾಗಿತ್ತು. ಮಣ್ಣು ಹಾಕಿ ಎಲ್ಲರೂ ಹೊರಟ ಮೇಲೂ ಒಬ್ಬ ಮುದುಕ ಅಲ್ಲೇ ನಿಂತು, ಹೂಮಾಲೆಗಳನ್ನು ಗಾಳಿಗೆ ಹಾರದಂತೆ ಒಂದರ ಮೇಲೊಂದು ಒರಗಿಸುತ್ತಿದ್ದ. ಮ್ಯೂರಿಯಲ್ ಬಗ್ಗಿ ಕೈಜೋಡಿಸಿದಳು.

"ಪರ್ಸಿ ಟ್ರೂ," ಎಂದ ಅವನು. "ನದೀ ದಂಡೆ ವಾದ್ಯಮೇಳದೋನು. ವಿಲ್ಫ್ ನಮ್ಮಲ್ಲಿ ಕಾರ್ನೆಟ್ ತುತ್ತೂರಿ ಊದ್ತಿದ್ದ, ಗೊತ್ತಾ ನಿಂಗೆ?"

"ಗೊತ್ತಿರಲಿಲ್ಲ."

"ಯುದ್ಧಕ್ಕೆ ಮುಂಚೆ. ನಮ್ಮ ಮೇಳದಲ್ಲೇ ಒಳ್ಳೇ ಉಸಿರು ಅವನ್ದು. ಆಮೇಲೆ ಮಾರ್ಬಿಟ್ಟ."

"ಯಾಕೆ?"

ಪರ್ಸಿ ಸುತ್ತ ನೋಡಿದ. ಐವಿಯ ಕಾರು ಹೊರಟುಹೋಗಿತ್ತು. "ಐವಿಗೆ ಹೊಟ್ಟೇಲಿ ಗೆಡ್ಡೆ ಆಗಿತ್ತು. ಆಗೆಲ್ಲ ಆಪರೇಷನ್ನು ಪುಕ್ಕಟೆ ಮಾಡ್ತಿದ್ರಾ? ಇಪ್ಪತ್ತೆರಡು ಪೌಂಡು ಕೇಳಿದ್ರು. ಕಾರ್ನೆಟ್ಟು ಒಬ್ಬ ಕೆನಡಾ ಸಿಪಾಯಿಗೆ ಕೊಟ್ಟ. ಗಿರಾಕಿ ಹುಡುಕಿಕೊಟ್ಟೋನು ನಾನೇ. ಯುದ್ಧದ ಗುಜರಿಗೆ ಹಿತ್ತಾಳೆ ಕೊಟ್ಟೆ ಅಂತ ಮನೇಲಿ ಹೇಳಿದ್ದ. ಅವಳಿಗೆ ಹೇಳ್ಬೇಡ ಪರ್ಸಿ, ಹೇಳಿದ್ರೆ ಆಪರೇಷನ್ನೇ ಬೇಡ ಅಂತಾಳೆ ಅಂದ. ನಾನೂ ಇಲ್ಲೀವರ್ಗೂ ಬಾಯಿಬಿಟ್ಟಿಲ್ಲ."

"ಅದು ಯಾವಾಗ ಮಿಸ್ಟರ್ ಟ್ರೂ?"

"ಅವನಿಗೆ ಸ್ಟುಡಿಯೋದಿಂದ ಗೇಟ್‌ಪಾಸ್ ಸಿಕ್ತಲ್ಲ, ಅದೇ ತಿಂಗ್ಳು."

ಮ್ಯೂರಿಯಲ್ ಕೈಯಲ್ಲಿದ್ದ ಹೂಮಾಲೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಅರವತ್ತು ಪೌಂಡು ಕೈಯಲ್ಲಿದ್ದವನು ಇಪ್ಪತ್ತೆರಡಕ್ಕಾಗಿ ಕಾರ್ನೆಟ್ ಮಾರುತ್ತಾನೆಯೇ?

ಹಾಗಾದರೆ ನೋಟುಗಳು ಬೆಂಕಿಗೇ ಹೋಗಿದ್ದವು. ಹದಿನೆಂಟು ವರ್ಷ ಅವಳ ಒಂದು ಅರೆಮನಸ್ಸು, ಅವನು ಸೈರನ್ ಹೊತ್ತಿನಲ್ಲಿ ತೆಗೆದುಕೊಂಡಿರಲೂಬಹುದು ಎಂದು ಹೇಳುತ್ತಲೇ ಇತ್ತು. ಆ ಮಾತನ್ನು ಹಿಡಿದುಕೊಂಡು ಅವಳು ನಿದ್ದೆ ಮಾಡಿದ್ದಳು. ಈಗ ಅದು ಹೋಯಿತು.

"ಅಲ್ಲೇ ಇಡಮ್ಮ," ಎಂದ ಪರ್ಸಿ ಮೆತ್ತಗೆ, "ಎಲ್ಲಾದ್ರೂ ಸರಿ."

*

ಯುದ್ಧಕಾಲದ ಆ ಗುರುವಾರ ಕಳೆದು ಸೋಮವಾರ, ಸ್ಟುಡಿಯೋದ ಪುಟ್ಟ ಪರದೆಯ ಮೇಲೆ ಲ್ಯಾಬಿನಲ್ಲಿ ತೊಳೆದು ತಂದ ದೃಶ್ಯಗಳನ್ನು ಹಾಕಿದ್ದರು. ಕಳ್ಳ ಸೂಟ್‌ಕೇಸು ತೆರೆಯುತ್ತಾನೆ; ಎಡ ಕೊಂಡಿ ಮಾಸಿದೆ. ಕಳ್ಳ ಕಂತೆಗಳನ್ನು ಬೆಂಕಿಗೆ ಎಸೆಯುತ್ತಾನೆ. ಎಡ ಕೊಂಡಿ ಮಾಸಿದೆ. "ಸರಿಯಾಗಿ ಹೊಂದಿದೆ," ಎಂದ ನಿರ್ದೇಶಕ ಕತ್ತಲಲ್ಲಿ. ಮ್ಯೂರಿಯಲ್‌ಗೆ ಮೊದಲು ಹೆಮ್ಮೆಯಾಯಿತು. ಅದಾದ ಮೇಲೆ, ಹೊಳೆಯುವ ಕೊಂಡಿಯ ಸೂಟ್‌ಕೇಸೇ ಶುಕ್ರವಾರ ಎಲ್ಲರ ಮುಂದೆ ತೆರೆದದ್ದು ಎಂದು ನೆನಪಾಯಿತು. ಹಾಗಾದರೆ ಬೆಂಕಿಗೆ ಹೋದದ್ದು ನಿಜವಾದ ನೋಟಿನ ಕಂತೆಗಳೇ ಇರಬೇಕು.

ವಿಲ್ಫ್‌ನನ್ನು ಶುಕ್ರವಾರವೇ ಕಳಿಸಿಬಿಟ್ಟಿದ್ದರು. ಸಂಬಳದ ಹಣವನ್ನು ಚಿತ್ರೀಕರಣಕ್ಕೆ ಬಳಸಿದ್ದು ಹೊರಬಂದೀತೆಂದು ಲೆನ್ನಾಕ್ಸ್ ಪೊಲೀಸರನ್ನು ಕರೆಯಲಿಲ್ಲ. ಆ ವಾರ ಯಾರಿಗೂ ಪೂರಾ ಸಂಬಳ ಸಿಗಲಿಲ್ಲ. ಮನೆ ಬಾಂಬಿಗೆ ಹೋಗಿ ಅಮ್ಮನೊಂದಿಗೆ ಬಾಡಿಗೆ ಕೋಣೆಯಲ್ಲಿದ್ದವಳು ಮ್ಯೂರಿಯಲ್. ಅವಳು ಆ ವಾರ ಆಲೂಗಡ್ಡೆಯಲ್ಲೇ ಕಳೆದಳು.

ಹದಿನೈದು ದಿನದ ಮೇಲೆ ಬಸ್ ನಿಲ್ದಾಣದ ಸಾಲಿನಲ್ಲಿ ವಿಲ್ಫ್ ಸಿಕ್ಕಿದ. ಮಳೆ ಬರುತ್ತಿತ್ತು. ಅವನು ಸಾಲಿನಲ್ಲಿ ಅವಳಿಗೆ ಸೂರಿನ ಕೆಳಗಿನ ಜಾಗ ಬಿಟ್ಟುಕೊಟ್ಟು, ತಾನು ಹೊರಗೆ ನಿಂತ. ಅವಳು ಬಾಯಿ ತೆರೆದಳು.

"ಮಿಸ್ಟರ್ ಹಾಸ್ಕಿನ್, ಆ ಸೂಟ್‌ಕೇಸು..."

"ನಿಂಗೆ ಒಳ್ಳೇ ಕಣ್ಣಿದೆ ಹುಡುಗಿ," ಎಂದ ಅವನು ರಸ್ತೆಯನ್ನೇ ನೋಡುತ್ತ. "ಅದನ್ನ ಕೆಡಿಸ್ಕೋಬೇಡ. ನಿಮ್ಮಮ್ಮ ಹೇಗಿದಾರೆ?"

ಬಸ್ಸು ಬಂತು. ಒಂದೇ ಜಾಗವಿತ್ತು. ಅವನು ಅವಳನ್ನು ಹತ್ತಿಸಿದ.

ಅವನಿಗೆ ಗೊತ್ತಿತ್ತೇ? ಗೊತ್ತಿದ್ದು ಹಾಗೆಂದನೇ? ಅಥವಾ ಸುಮ್ಮನೆ ಒಂದು ಒಳ್ಳೆಯ ಮಾತೇ? ಎಷ್ಟೋ ಚಿತ್ರಗಳ ಎಷ್ಟೋ ಸಾವಿರ ದೃಶ್ಯಗಳನ್ನು ಹೊಂದಿಸಿದವಳಿಗೆ ಆ ಒಂದು ಮಾತು ಯಾವುದಕ್ಕೆ ಹೊಂದುತ್ತದೆಂದು ತಿಳಿಯಲಿಲ್ಲ.

*

ಐವಿಯ ಮುಂಗೋಣೆ ತುಂಬಿತ್ತು. ಪಕ್ಕದ ಮನೆಯವರು ತಮ್ಮ ಕುರ್ಚಿಗಳನ್ನೆಲ್ಲ ತಂದುಕೊಟ್ಟು, ತಾವು ಗೋಡೆಗೊರಗಿ ನಿಂತಿದ್ದರು. ಹ್ಯಾಮ್, ಬ್ರೆಡ್ಡು, ಉಪ್ಪಿನಲ್ಲಿಟ್ಟ ಈರುಳ್ಳಿ. ಗಂಡಸರಿಗೆ ಬಾಟಲಿ ಬಿಯರ್. ಮ್ಯೂರಿಯಲ್‌ಳ ಷೂಗಳು ಐವಿ ಹೇಳಿದಂತೆಯೇ ಒಲೆಯ ಪಕ್ಕ ಒಣಗುತ್ತಿದ್ದವು. ಅವಳು ವಿಲ್ಫ್‌ನ ಚಪ್ಪಲಿ ಹಾಕಿಕೊಂಡು ಕೂತಿದ್ದಳು. ಐವಿ ತಾನೇ ತಂದು ಕಾಲ ಬಳಿ ಇಟ್ಟಿದ್ದಳು.

ಬಿಯರ್ ಇಳಿದಂತೆ ಮಾತು ಏರಿತು. ಶಾಲೆಯ ಬಾಯ್ಲರನ್ನು ವಿಲ್ಫ್ ಹೆಣ್ಣುಮಗುವಿನಂತೆ ನೋಡಿಕೊಳ್ಳುತ್ತಿದ್ದ ಎಂದು ಒಬ್ಬರು ಹೇಳಿದರು. ಮಕ್ಕಳ ಒದ್ದೆ ಕೈಗವಸುಗಳನ್ನು ಅದರ ಮೇಲೆ ಒಣಗಿಸಿ, ಮನೆಗೆ ಹೋಗುವಾಗ ಜೋಡಿ ತಪ್ಪದಂತೆ ಕೊಡುತ್ತಿದ್ದ ಎಂದರು ಇನ್ನೊಬ್ಬರು.

"ಬಾಯ್ಲರಿಗೂ ಅವನಿಗೂ ಏನೋ ಋಣ ಬಿಡಪ್ಪ," ಎಂದ ಸಿಡ್ ಲೋಟ ಎತ್ತಿ. "ನಮ್ಮ ಅರವತ್ತಿಗೆ! ಆ ದುಡ್ಡಲ್ಲಿ ನಂದೂ ಎರಡು ಪೌಂಡಿತ್ತು ಕಣೋ ವಿಲ್ಫ್. ಹೋಗ್ಲಿ, ಮಾಫಿ ಮಾಡಿದೀನಿ!"

ಕೆಲವರು ನಕ್ಕರು. ಅದು ಕೆಟ್ಟ ನಗುವಾಗಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಮ್ಯೂರಿಯಲ್ ಎದ್ದು ನಿಂತಳು. ದೊಡ್ಡ ಚಪ್ಪಲಿಯಲ್ಲಿ ಕಾಲು ಜಾರಿತು.

"ಅವರು ತಗೊಳ್ಳಲಿಲ್ಲ ಸಿಡ್. ನಾನು ಸುಟ್ಟೆ."

"ಏನು ಸುಟ್ಟೆ?"

"ದುಡ್ಡು. ಸೂಟ್‌ಕೇಸು ಬದಲಾಯಿಸ್ದೆ. ಕೊಂಡಿ ಹೊಂದ್ತಿರ್ಲಿಲ್ಲ. ಅವರು ಸುಳ್ಳಿಂದೇ ಇಟ್ಟಿದ್ರು, ನಾನು ತೆಗೆದು ನಿಜದ್ದು ಇಟ್ಟೆ. ಎಲ್ಲರೂ ನೋಡ್ತಿದ್ದ ಹಾಗೇ ಉರೀತು. ನೀನೇ ದೀಪ ಹಿಡಿದಿದ್ದೆ."

ಸಿಡ್‌ನ ಮುಖ ಕೆಂಪಾಯಿತು. ಅವನು ಲೋಟ ಕೆಳಗಿಟ್ಟು ಎದ್ದು ಬಂದ. ಬೈಯುತ್ತಾನೆ ಎಂದುಕೊಂಡಳು, ಬೈಯಲಿ ಎಂದು ಕಾದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟ.

"ಒಳ್ಳೇ ಹುಡುಗಿ ಕಣೇ ನೀನು," ಎಂದ. ಅವನ ಕಣ್ಣು ತುಂಬಿತ್ತು. "ಸತ್ತೋನಿಗಾಗಿ ಸುಳ್ಳು ಹೇಳೋಕೂ ಎದೆ ಬೇಕು. ನಂದೇ ತಪ್ಪು, ಇವತ್ತು ಆ ಮಾತು ಆಡ್ಬಾರ್ದಿತ್ತು."

"ಸುಳ್ಳಲ್ಲ ಸಿಡ್!"

"ಆಯ್ತು, ಆಯ್ತು. ಕೂತ್ಕೋ. ಯಾರಾದ್ರೂ ಅವಳಿಗೆ ಒಂದು ಬಟ್ಟಲು ಚಹಾ ಕೊಡ್ರಪ್ಪ."

ಪಕ್ಕದ ಮನೆಯಾಕೆ ಚಹಾ ತಂದಳು. ಇನ್ನೊಬ್ಬರು ಮ್ಯೂರಿಯಲ್‌ಳ ಕೈ ಅದುಮಿದರು. ಎಲ್ಲರ ಮುಖದಲ್ಲೂ ಅದೇ ಮೆಚ್ಚುಗೆ. ಹದಿನೆಂಟು ವರ್ಷ ಹೊತ್ತ ಮಾತನ್ನು ಅವಳು ಹೇಳಿಯಾಗಿತ್ತು. ಅದನ್ನು ಅವರು ಹೂಮಾಲೆಯ ಹಾಗೆ ತೆಗೆದುಕೊಂಡು ಪಕ್ಕಕ್ಕಿಟ್ಟರು. ಮ್ಯೂರಿಯಲ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಐವಿ ಕಾಣಲಿಲ್ಲ. ಹಿತ್ತಿಲ ಕಡೆಯಿಂದ ನಲ್ಲಿಯ ಸದ್ದು ಬರುತ್ತಿತ್ತು.

ಪಾತ್ರೆ ತೊಳೆಯುವ ಕೋಣೆಯಲ್ಲಿ ಐವಿ ಕರಿಯ ಕೋಟಿನ ತೋಳು ಮೊಣಕೈವರೆಗೆ ಮಡಚಿ ಬಟ್ಟಲು ತೊಳೆಯುತ್ತಿದ್ದಳು. ತಿರುಗದೆಯೇ ಹೇಳಿದಳು, "ಅವರೆಲ್ಲ ನೀನು ದಯೆಯಿಂದ ಹೇಳಿದೆ ಅಂದ್ಕೊಂಡಿದಾರೆ."

"ಗೊತ್ತು."

"ದಯೆ ತೋರಿಸೋರ ದನಿ ಹಾಗಿರಲ್ಲ. ಆ ಬಟ್ಟೆ ತಗೊಂಡು ಒರೆಸು."

ಮ್ಯೂರಿಯಲ್ ಒರೆಸತೊಡಗಿದಳು. ನಾಲ್ಕು ಬಟ್ಟಲು ಒರೆಸಿ ಸಾಲಾಗಿ ಇಟ್ಟಳು.

"ಅವನು ಕದ್ದ ಅಂತಲೇ ನಾನು ನಂಬಿದ್ದೆ ಕಣೇ," ಎಂದಳು ಐವಿ. "ನನಗೋಸ್ಕರ ಕದ್ದ ಅಂತ. ನಂಗೆ ಆಗ ಆಪರೇಷನ್ ಆಗ್ಬೇಕಿತ್ತು. ದುಡ್ಡು ಎಲ್ಲಿಂದ ಬಂತು ಅಂತ ನಾನು ಕೇಳ್ಲಿಲ್ಲ, ಅವನು ಹೇಳ್ಲಿಲ್ಲ. ಇಲಿ ಬೋನಿಗೆ ಬಿದ್ರೂ ಬಾಗ್ಲು ತೆಗೆದು ಬಿಡೋನು ಅವನು. ಅಂಥೋನು ನನಗೋಸ್ಕರ ಒಂದೇ ಒಂದ್ಸಲ ಧೈರ್ಯ ಮಾಡಿದಾನೆ ಅಂದ್ಕೊಂಡೆ. ಬೀದೀಲಿ ಅರವತ್ತು ಅರವತ್ತು ಅಂತ ಕೂಗ್ದಾಗ್ಲೆಲ್ಲ ನಾನು ತಲೆ ಎತ್ಕೊಂಡೇ ನಡೀತಿದ್ದೆ. ನಿಮ್ಮ ಗಂಡಂದಿರು ಮಾಡ್ತಾರಾ ನೋಡೋಣ ಅನ್ನೋ ಹಾಗೆ."

"ಮಿಸೆಸ್ ಹಾಸ್ಕಿನ್..."

"ಮಿಕ್ಕ ಮೂವತ್ತೆಂಟು ಪೌಂಡು ಎಲ್ಲಿಟ್ಟಿದಾನೋ ಅಂತ ವರ್ಷವರ್ಷ ನೆಲಹಾಸು ಎತ್ತಿ ನೋಡಿದೀನಿ. ಹೋದ್ವಾರ ಅವನು ಆಸ್ಪತ್ರೇಲಿದ್ದಾಗ್ಲೂ ನೋಡ್ದೆ. ನಗು ಬರುತ್ತೆ ಅಲ್ವಾ?" ಅವಳು ನಗಲಿಲ್ಲ. "ಹಾಗಾದ್ರೆ ಆ ಇಪ್ಪತ್ತೆರಡು ಎಲ್ಲಿಂದ ಬಂತು? ಅದನ್ನಾದ್ರೂ ಹೇಳು, ತಲೆ ಕೆಟ್ಟೋಗಿದೆ ನಂಗೆ."

ಮ್ಯೂರಿಯಲ್ ಬಟ್ಟಲನ್ನು ಒರೆಸಿದ್ದನ್ನೇ ಒರೆಸಿದಳು. ಪರ್ಸಿ ಇಷ್ಟು ವರ್ಷ ಬಾಯಿಬಿಡದ ಮಾತು. ಹೇಳಿದರೆ ಇವಳು ಹೆಮ್ಮೆಪಟ್ಟ ಕಳ್ಳ ಹೋಗುತ್ತಾನೆ. ಹೇಳದಿದ್ದರೆ ವಿಲ್ಫ್ ಇನ್ನೊಮ್ಮೆ ಮಳೆಯಲ್ಲಿ ನಿಲ್ಲುತ್ತಾನೆ.

"ಕಾರ್ನೆಟ್ ಮಾರಿದ್ರಂತೆ," ಎಂದಳು. "ಒಬ್ಬ ಸಿಪಾಯಿಗೆ. ಮಿಸ್ಟರ್ ಟ್ರೂ ಹೇಳಿದ್ರು."

ಐವಿಯ ಕೈ ನೀರಿನೊಳಗೆ ನಿಂತಿತು.

"ಗುಜರಿಗೆ ಕೊಟ್ಟೆ ಅಂದಿದ್ದ," ಎಂದಳು. "ಬಾಂಬು ಮಾಡ್ತಾರಂತೆ ಐವಿ, ಅಂದ. ನಾನು, ಒಳ್ಳೇದಾಯ್ತು ಬಿಡು, ಶಬ್ದ ತಪ್ತು, ಅಂದೆ." ಬಟ್ಟಲೊಂದನ್ನು ನೀರಿನಿಂದ ಎತ್ತಿ, "ಕೊಂಡಿ ನೋಡಿ ಅವನಿಗೆ ಗೊತ್ತಾಗಿರುತ್ತಲ್ವಾ, ನೀನೇ ಬದಲಾಯಿಸಿದ್ದು ಅಂತ?"

"ಗೊತ್ತಾಗಿತ್ತು ಅನ್ಸುತ್ತೆ. ಆದ್ರೆ ಯಾಕೆ ಹೇಳ್ಲಿಲ್ಲ?"

"ಒಂದು ವಾರದಲ್ಲಿ ಎಲ್ಲ ಮರೀತಾರೆ ಅಂದ್ಕೊಂಡಿರ್ತಾನೆ. ಆಮೇಲೆ ಹೇಳೋ ಹೊತ್ತು ಮೀರಿರುತ್ತೆ. ಅವನಿಗೆ ಅಂಥಾದ್ದರ ಅಂದಾಜು ಯಾವತ್ತೂ ಇರ್ಲಿಲ್ಲ." ಐವಿ ಈಗ ತಿರುಗಿದಳು. ಅವಳ ಮುಖದಲ್ಲಿ ಕೋಪವೋ ಇನ್ನೇನೋ, ಮ್ಯೂರಿಯಲ್‌ಗೆ ಓದಲಾಗಲಿಲ್ಲ. "ನಾನು ಆ ಚಿತ್ರ ನೋಡೇ ಇಲ್ಲ. ಹೇಗೆ ಉರೀತು ಹೇಳು."

ಮ್ಯೂರಿಯಲ್ ಹೇಳಿದಳು. ಕಳ್ಳ ಎಡಗೈಯಲ್ಲಿ ಬಾಯ್ಲರಿನ ಬಾಗಿಲು ಹಿಡಿದಿದ್ದ, ಬಲಗೈಯಲ್ಲಿ ಎಸೆದ. ಮೂರನೆಯ ಕಂತೆ ಬಾಗಿಲಂಚಿಗೆ ತಾಗಿ ಹೊರಗೆ ಬಿತ್ತು, ಕಾಲಿನಿಂದ ಒಳಕ್ಕೆ ತಳ್ಳಿದ. ಕೋಟಿನ ಎರಡನೆಯ ಗುಂಡಿ ಬಿಚ್ಚಿತ್ತು. ಬಾಯಲ್ಲಿ ಅರ್ಧ ಸುಟ್ಟ ಸಿಗರೇಟಿತ್ತು. ಉರಿ ಮೊದಲು ಅಂಚಿಗೆ ಹತ್ತಿತು, ಆಮೇಲೆ ನಡುವಿನ ಪತ್ರಿಕೆಯ ಚೂರುಗಳು ಬಿಚ್ಚಿಕೊಂಡು ಎದ್ದವು. ಎಲ್ಲವೂ ನಿನ್ನೆ ನಡೆದಂತೆ ಒಂದರ ಹಿಂದೊಂದು ಬಂದವು.

"ನೀನು?" ಎಂದಳು ಐವಿ. "ಸೂಟ್‌ಕೇಸು ಯಾವ ಕೈಯಲ್ಲಿ ಎತ್ತಿದೆ?"

"ಬಲಗೈ," ಎಂದಳು ಮ್ಯೂರಿಯಲ್ ತಕ್ಷಣ. ಆಮೇಲೆ ನಿಲ್ಲಿಸಿದಳು. "ಇಲ್ಲ. ಬಲಗೈಲಿ ಪೆನ್ಸಿಲ್ ಇತ್ತು. ಎಡಗೈ... ಎಡಗೈಲಿ ಹಲಗೆ ಇರ್ಬೇಕಲ್ವಾ? ಹಲಗೆ ಕೆಳಗಿಟ್ಟಿದ್ನಾ?"

ಬಟ್ಟಲನ್ನೂ ಬಟ್ಟೆಯನ್ನೂ ಕೆಳಗಿಟ್ಟು ಅವಳು ಎರಡು ಕೈಗಳನ್ನೂ ಮುಂದೆ ಚಾಚಿದಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು. ಮುಂಗೋಣೆಯಿಂದ ಸಿಡ್ ಇನ್ನಷ್ಟು ಚಹಾ ಇದೆಯೇ ಎಂದು ಕೂಗಿ ಕೇಳುತ್ತಿದ್ದ. ಐವಿ ಸೋಪಿನ ನೊರೆ ತುಂಬಿದ ತನ್ನ ಕೈಗಳಲ್ಲಿ ಆ ಎರಡನ್ನೂ ಒಟ್ಟಿಗೆ ಹಿಡಿದಳು. ಬಿಡಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು. ನಾಲ್ಕು ಕೈಗಳಿಂದಲೂ ನೊರೆನೀರು ಇಳಿದು, ಒರೆಸಿ ಸಾಲಾಗಿ ಜೋಡಿಸಿಟ್ಟಿದ್ದ ಬಟ್ಟಲುಗಳ ಮೇಲೆ ತೊಟ್ಟಿಕ್ಕುತ್ತಿತ್ತು.